ಡ್ರಮ್ಸ್ ಎದುರು ಗಿಟಾರ್ ಕೇಳಬೇಕಾದರೆ ಎಂಥ ಆಂಪ್ಲಿಫೈಯರ್ ಬೇಕು?

ಪ್ರಶ್ನೆ: ನಮ್ಮದು ಮೈಸೂರಿನ ಐದು ಜನರ ಕನ್ನಡ ರಾಕ್ ಬ್ಯಾಂಡ್. ಇಬ್ಬರು ಗಿಟಾರ್ ನುಡಿಸುತ್ತೇವೆ. ಬೇಸ್, ಡ್ರಮ್ಸ್ ಮತ್ತು ಹಾಡುಗಾರಿಕೆಗೆ ಒಬ್ಬೊಬ್ಬರಿದ್ದಾರೆ. ನನ್ನ ಬಳಿ ಎಂಟಂಗುಲದ ಸ್ಪೀಕರ್ ಇರುವ 15 ವಾಟ್‌ನ ಚಿಕ್ಕ ಆಂಪ್ಲಿಫೈಯರ್ ಇದೆ. ಮನೆಯಲ್ಲಿ ಅದು ಬಹಳ ಚೆನ್ನಾಗಿ ಕೇಳುತ್ತದೆ, ಆದರೆ ವೇದಿಕೆಯ ಮೇಲೆ ಡ್ರಮ್ಸ್ ಶುರುವಾದ ಕೂಡಲೇ ಮುಳುಗಿಹೋಗುತ್ತದೆ. ಅಂಗಡಿಯವರು 100 ವಾಟ್‌ನ ಟ್ಯೂಬ್ ಹೆಡ್ಡನ್ನೂ (ವಾಲ್ವ್‌ಗಳಿಂದ ನಡೆಯುವ, ಸ್ಪೀಕರ್ ಇಲ್ಲದ ಆಂಪ್ಲಿಫೈಯರ್ ಪೆಟ್ಟಿಗೆ) ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್ಟನ್ನೂ ಕೊಳ್ಳಿ ಎನ್ನುತ್ತಿದ್ದಾರೆ. ಅಮೆರಿಕದಲ್ಲಿರುವ ಅಣ್ಣ ಅಲ್ಲಿಂದಲೇ ತಂದುಕೊಡುತ್ತೇನೆ ಎನ್ನುತ್ತಾನೆ. ಕಾಲೇಜು ಉತ್ಸವಗಳಲ್ಲಿ ಮತ್ತು ಬೆಂಗಳೂರಿನ ಪಬ್‌ಗಳಲ್ಲಿ ನುಡಿಸುವ ನಮಗೆ ಯಾವುದು ಸೂಕ್ತ? ಹಳೆಯದನ್ನು ಮಾರಿಬಿಡಬಹುದೇ?

ಉತ್ತರ: ಅಂಗಡಿಯವರ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಹನ್ನೆರಡಂಗುಲದ ಒಂದು ಒಳ್ಳೆಯ ಸ್ಪೀಕರ್ ಇರುವ, 20ರಿಂದ 40 ವಾಟ್‌ನ ಟ್ಯೂಬ್ ಕಾಂಬೊ (ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಆಗಲಿ, 50ರಿಂದ 100 ವಾಟ್‌ನ ಟ್ರಾನ್ಸಿಸ್ಟರ್ ಕಾಂಬೊ ಆಗಲಿ ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎಂಬುದು ನೀವು ಬಳಸುವ ಶಬ್ದದ ಬಗೆ, ನಿಮ್ಮ ಓಡಾಟ ಮತ್ತು ರಿಪೇರಿಯ ಅನುಕೂಲವನ್ನು ಅವಲಂಬಿಸಿದೆ. ಕಾರಣ ತಿಳಿಯದೆ ಕೊಂಡ ಆಂಪ್ಲಿಫೈಯರ್ ಒಂದೆರಡು ವರ್ಷಗಳಲ್ಲಿ ಮೂಲೆ ಸೇರುವುದನ್ನು ನಾನು ಎಷ್ಟೋ ಸಲ ನೋಡಿರುವುದರಿಂದ, ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತನ್ನು ಖಚಿತಪಡಿಸಿಕೊಳ್ಳಬೇಕು. ವೇದಿಕೆಯ ಮೇಲೆ ಗಿಟಾರ್ ಆಂಪ್ಲಿಫೈಯರ್ ಇಡುವುದು ನಿಮಗೂ ನಿಮ್ಮ ಡ್ರಮ್ಮರ್‌ಗೂ ಬೇಸ್ ನುಡಿಸುವವರಿಗೂ ಕೇಳಲೆಂದು. ಸಭಿಕರಿಗೆ ಕೇಳಿಸುವ ಹೊಣೆ ಮೈಕ್‌ನದು ಮತ್ತು ಸಭಾಂಗಣದ ಧ್ವನಿವರ್ಧಕ ವ್ಯವಸ್ಥೆಯದು. ಹಾಗಾಗಿ ನೀವು ಅಳೆಯಬೇಕಾದದ್ದು ನಿಮ್ಮ ಡ್ರಮ್ಮರ್‌ನ ಕೈಬಲವನ್ನೇ ಹೊರತು ಮೈದಾನದ ಅಗಲವನ್ನಲ್ಲ. ಐನೂರು ಜನರ ಮುಂದೆ ನುಡಿಸಿದರೂ ಐದು ಸಾವಿರ ಜನರ ಮುಂದೆ ನುಡಿಸಿದರೂ ಡ್ರಮ್ಸ್ ಮತ್ತು ನಿಮ್ಮ ನಡುವಿನ ಅಂತರ ಎರಡು ಮೂರು ಮೀಟರ್ ಅಷ್ಟೇ. ಆ ಅಂತರದಲ್ಲಿ ಡ್ರಮ್ಸ್ ಜೊತೆ ಸರಿಸಮವಾಗಿ ನಿಲ್ಲುವ ಆಂಪ್ಲಿಫೈಯರ್ ಸಿಕ್ಕಿತೆಂದರೆ ಉಳಿದದ್ದು ಸೌಂಡ್ ಎಂಜಿನಿಯರ್ ಕೆಲಸ.

ಹಾಗಾದರೆ 100 ವಾಟ್‌ನ ದೊಡ್ಡ ಗೋಪುರಗಳು ಹುಟ್ಟಿದ್ದಾದರೂ ಏಕೆ ಎಂಬ ಪ್ರಶ್ನೆ ಬರುತ್ತದೆ. ಅದು ಇಂಗ್ಲೆಂಡಿನಲ್ಲಿ, 1960ರ ದಶಕದಲ್ಲಿ ನಡೆದ ಕಥೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪ್ಲಿಫೈಯರ್‌ನ ಸರ್ಕ್ಯೂಟನ್ನು ಮಾದರಿಯಾಗಿಟ್ಟುಕೊಂಡು ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರ ಜೊತೆಗೂಡಿ 1962ರಲ್ಲಿ ಜೆಟಿಎಂ45 ಎಂಬ ಮೊದಲ ಆಂಪ್ಲಿಫೈಯರ್ ತಯಾರಿಸಿದರು. ಆಗ ಸಭಾಂಗಣಗಳ ಧ್ವನಿವರ್ಧಕಗಳು ಹಾಡುಗಾರರ ದನಿಗಷ್ಟೇ ಮೀಸಲಾಗಿದ್ದವು. ಗಿಟಾರ್ ಆಂಪ್ಲಿಫೈಯರ್ ಎದುರು ಮೈಕ್ ಇಡುವ ಪದ್ಧತಿ ಇನ್ನೂ ರೂಢಿಗೆ ಬಂದಿರಲಿಲ್ಲ. ಸಭಾಂಗಣ ದೊಡ್ಡದಾದಂತೆ ಗಿಟಾರ್ ನುಡಿಸುವವರೇ ತಮ್ಮ ಆಂಪ್ಲಿಫೈಯರ್‌ನಿಂದ ಕೊನೆಯ ಸಾಲಿನವರೆಗೆ ಕೇಳಿಸಬೇಕಾಗಿತ್ತು. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಹೆಚ್ಚು ಶಬ್ದ ಬೇಕೆಂದು ಕೇಳಿದ್ದರಿಂದ ಮಾರ್ಷಲ್‌ನ 100 ವಾಟ್‌ನ ಹೆಡ್ಡು 1965ರಲ್ಲಿ ಬಂತು. ಅದೇ ವರ್ಷ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನರ ಎದುರು ಬೀಟಲ್ಸ್ ನುಡಿಸಿದಾಗ ಅವರಿಗಾಗಿ ವೋಕ್ಸ್ ಕಂಪನಿ 100 ವಾಟ್‌ನ ಆಂಪ್ಲಿಫೈಯರ್‌ಗಳನ್ನು ಕೊಟ್ಟಿತ್ತು; ಜನರ ಕೂಗಾಟದ ಮುಂದೆ ಅವೂ ಸಾಲಲಿಲ್ಲ. ಅಂದಿನ ಆ ಕೊರತೆ ಇಂದು ಇಲ್ಲ. ಚಿಕ್ಕ ಕಾಲೇಜಿನ ವೇದಿಕೆಯಲ್ಲೂ ಗಿಟಾರ್‌ಗೆ ಒಂದು ಮೈಕ್ ಸಿಗುತ್ತದೆ. ಕಾರಣ ಕಳೆದುಹೋದ ಮೇಲೂ ವಸ್ತು ಮಾತ್ರ ಅಂಗಡಿಯ ಕನ್ನಡಿಯ ಹಿಂದೆ ಆಸೆ ಹುಟ್ಟಿಸುತ್ತ ನಿಂತಿದೆ.

ಇನ್ನು ವಾಟ್ ಲೆಕ್ಕ. ವಾಟ್ ದುಪ್ಪಟ್ಟಾದರೆ ಶಬ್ದವೂ ದುಪ್ಪಟ್ಟಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಮ್ಮ ಕಿವಿ ಹಾಗೆ ಕೆಲಸ ಮಾಡುವುದಿಲ್ಲ. ವಾಟ್ ದುಪ್ಪಟ್ಟಾದರೆ ಶಬ್ದ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಅದು ಗೊತ್ತಾಗುವಷ್ಟು, ಆದರೆ ಬೆರಗಾಗುವಷ್ಟೇನೂ ಅಲ್ಲದ ವ್ಯತ್ಯಾಸ. ಕಿವಿಗೆ ಸುಮಾರಾಗಿ ದುಪ್ಪಟ್ಟು ಎನಿಸಬೇಕಾದರೆ 10 ಡೆಸಿಬೆಲ್ ಏರಬೇಕು, ಅಂದರೆ ವಾಟ್ ಹತ್ತು ಪಟ್ಟಾಗಬೇಕು. 50 ವಾಟ್‌ನ ಹೆಡ್ಡಿಗೂ 100 ವಾಟ್‌ನ ಹೆಡ್ಡಿಗೂ ಇರುವ ಅಂತರ ಆ 3 ಡೆಸಿಬೆಲ್. ನಿಮ್ಮ 15 ವಾಟ್‌ನಿಂದ ಅಂಗಡಿಯವರು ಹೇಳಿದ 100 ವಾಟ್‌ಗೆ ಏರಿದರೂ ವಾಟ್ ಲೆಕ್ಕದಲ್ಲಿ ಸಿಗುವುದು 8 ಡೆಸಿಬೆಲ್ ಚಿಲ್ಲರೆ.

ವಾಟ್‌ಗಿಂತ ಹೆಚ್ಚು ಮುಖ್ಯವಾದದ್ದು ಸ್ಪೀಕರ್, ಮತ್ತು ಅದನ್ನು ಕುರಿತು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಪ್ರತಿ ಸ್ಪೀಕರ್‌ಗೂ ಒಂದು ಸಂವೇದನೆಯ ಅಂಕಿ ಇರುತ್ತದೆ: 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬ ಲೆಕ್ಕ ಅದು. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರ್‌ನದು 98 ಡೆಸಿಬೆಲ್, ಅದೇ ಕಂಪನಿಯ ವಿಂಟೇಜ್ 30ಯದು 100 ಡೆಸಿಬೆಲ್. ಅಭ್ಯಾಸದ ಆಂಪ್ಲಿಫೈಯರ್‌ಗಳಲ್ಲಿ ಹಾಕುವ ಅಗ್ಗದ ಎಂಟಂಗುಲದ ಸ್ಪೀಕರ್ ಇವುಗಳಿಗಿಂತ ಎಷ್ಟೋ ಡೆಸಿಬೆಲ್ ಹಿಂದಿರುತ್ತದೆ. ಸ್ಪೀಕರ್ 6 ಡೆಸಿಬೆಲ್ ಹಿಂದಿದ್ದರೆ ಅದನ್ನು ಸರಿದೂಗಿಸಲು ನಾಲ್ಕು ಪಟ್ಟು ವಾಟ್ ಬೇಕು. ಅಂದರೆ ಡ್ರಮ್ಸ್ ಎದುರು ನೀವು ಸೋಲುತ್ತಿರುವುದಕ್ಕೆ 15 ವಾಟ್ ಎಷ್ಟು ಕಾರಣವೋ ಆ ಎಂಟಂಗುಲದ ಕೋನ್ ಕೂಡ ಅಷ್ಟೇ ಕಾರಣ. 98 ಡೆಸಿಬೆಲ್‌ನ ಹನ್ನೆರಡಂಗುಲದ ಸ್ಪೀಕರ್‌ಗೆ 20 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 111 ಡೆಸಿಬೆಲ್ ಬರುತ್ತದೆ. ಜೋರಾಗಿ ಹೊಡೆಯುವ ಡ್ರಮ್ಮರ್ ಪಕ್ಕದಲ್ಲೂ ಅದು ಕೇಳುತ್ತದೆ. ಬೆಂಗಳೂರಿನ ಪಬ್ ಒಂದರ ಮೂಲೆಯ ವೇದಿಕೆಗೆ ಅದು ಹೆಚ್ಚೇ ಆದೀತು.

ಟ್ಯೂಬ್‌ನ 20 ವಾಟ್‌ಗೂ ಟ್ರಾನ್ಸಿಸ್ಟರ್‌ನ 20 ವಾಟ್‌ಗೂ ಅಳತೆಯಲ್ಲಿ ಯಾವ ಭೇದವೂ ಇಲ್ಲ. ಆದರೂ ನಾನು ಎರಡಕ್ಕೂ ಬೇರೆ ಬೇರೆ ಅಂಕಿ ಹೇಳಿದ್ದಕ್ಕೆ ಕಾರಣವಿದೆ. ಟ್ಯೂಬ್ ಆಂಪ್ಲಿಫೈಯರ್ ತನ್ನ ಮಿತಿ ದಾಟಿದಾಗ ಅಲೆಯ ತುದಿಗಳು ಮೆಲ್ಲಗೆ ದುಂಡಾಗುತ್ತ ಬರುತ್ತವೆ. ಆ ಒಡಕು ರಾಕ್ ಗಿಟಾರ್‌ಗೆ ಬೇಕಾದ ಒಡಕೇ ಆದ್ದರಿಂದ, ಮಿತಿ ದಾಟಿದ ಮೇಲಿನ ಶಬ್ದವನ್ನೂ ನಾವು ಸಂತೋಷದಿಂದ ಬಳಸಿಕೊಳ್ಳುತ್ತೇವೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮಿತಿ ದಾಟಿದಾಗ ಅಲೆಯ ತುದಿಯನ್ನು ಕತ್ತಿಯಿಂದ ಕೊಯ್ದಂತೆ ಕತ್ತರಿಸುತ್ತದೆ, ಅದು ಕಿವಿಗೆ ಕರ್ಕಶ. ಆದ್ದರಿಂದ ಟ್ರಾನ್ಸಿಸ್ಟರ್‌ನಲ್ಲಿ ಮಿತಿಗಿಂತ ಕೆಳಗೇ ಇರುವಷ್ಟು ಹೆಚ್ಚುವರಿ ವಾಟ್ ಇರಬೇಕು. ರೋಲ್ಯಾಂಡ್ ಕಂಪನಿಯ ಜೆಸಿ-120 ಇದಕ್ಕೆ ಒಳ್ಳೆಯ ಉದಾಹರಣೆ. 1975ರಲ್ಲಿ ಬಂದ, 60 ವಾಟ್‌ನ ಎರಡು ಭಾಗಗಳೂ ಹನ್ನೆರಡಂಗುಲದ ಎರಡು ಸ್ಪೀಕರ್‌ಗಳೂ ಇರುವ ಈ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇಂದಿಗೂ ವೇದಿಕೆಯ ಮೇಲೆ ಸ್ವಚ್ಛ ಸ್ವರಕ್ಕೆ ಹೆಸರಾಗಿದೆ. ಟ್ರಾನ್ಸಿಸ್ಟರ್ ಎಂದರೆ ಕೀಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇದಕ್ಕಿಂತಲೂ ದೊಡ್ಡ ತಪ್ಪು ನಡೆಯುವುದು ನಾಬ್‌ಗಳನ್ನು ತಿರುಗಿಸುವಾಗ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಕಾಲೇಜೊಂದರ ಬಯಲು ವೇದಿಕೆಗೆ ನಾನು ಸೌಂಡ್ ನೋಡಿಕೊಳ್ಳುತ್ತಿದ್ದೆ. ಎರಡನೆಯ ತಂಡದ ಹುಡುಗ ಒಳ್ಳೆಯ ಗಿಟಾರ್, ಒಳ್ಳೆಯ ಆಂಪ್ಲಿಫೈಯರ್ ಎರಡನ್ನೂ ತಂದಿದ್ದ, ಅವನ ಬೆರಳೂ ಚುರುಕಾಗಿತ್ತು. ಮೊದಲ ಹಾಡು ಪೂರ್ತಿ ಮುಗಿದರೂ ಅವನಿಂದ ಸೊಳ್ಳೆಯ ಗುಂಯ್ ಎಂಬಂಥ ಸದ್ದೊಂದು ಬಿಟ್ಟರೆ ಇನ್ನೇನೂ ಕೇಳಲಿಲ್ಲ. ಅವನು ಹಿಂದೆ ತಿರುಗಿ ತಿರುಗಿ ವಾಲ್ಯೂಮ್ ಏರಿಸುತ್ತಲೇ ಇದ್ದ. ಹಾಡಿನ ನಡುವಿನ ಬಿಡುವಿನಲ್ಲಿ ನಾನೇ ಮೇಲೆ ಹೋಗಿ ನೋಡಿದೆ: ಬೇಸ್ 10, ಟ್ರೆಬಲ್ 10, ನಡುಸ್ವರದ ಮಿಡ್ಲ್ ಸೊನ್ನೆ, ಒಡಕಿನ ಪ್ರಮಾಣ ನಿರ್ಧರಿಸುವ ಗೇನ್ ಪೂರ್ತಿ. ಅವನ ಒಪ್ಪಿಗೆ ಪಡೆದು ಮಿಡ್ಲನ್ನು 7ಕ್ಕೆ ತಂದೆ, ಬೇಸನ್ನು 4ಕ್ಕೆ, ಟ್ರೆಬಲನ್ನು 5ಕ್ಕೆ ಇಳಿಸಿದೆ, ಗೇನನ್ನು ಅರ್ಧಕ್ಕೆ ತಂದೆ, ವಾಲ್ಯೂಮ್ ಮುಟ್ಟಲಿಲ್ಲ. ಮುಂದಿನ ಹಾಡಿನ ಮೊದಲ ಹೊಡೆತಕ್ಕೇ ಡ್ರಮ್ಮರ್ ತಲೆಯೆತ್ತಿ ಅವನ ಕಡೆ ನೋಡಿದ. ಆ ಸಂಜೆ ಗಿಟಾರ್ ಮೊದಲ ಸಲ ಅವನ ಕಿವಿಗೆ ಬಿದ್ದಿತ್ತು.

ಇದರಲ್ಲಿ ಮಾಯವೇನೂ ಇಲ್ಲ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಕೆಳಗಿನ ಗುಡುಗೂ ಮೇಲಿನ ಹೊಳಪೂ ಎರಡೂ ಇದ್ದರೆ ಶಬ್ದ ತುಂಬಿದಂತೆ ಕೇಳುತ್ತದೆ. ಬ್ಯಾಂಡಿನ ಜೊತೆ ನಿಂತಾಗ ಕೆಳಗಿನ ಜಾಗ ಬೇಸ್ ಗಿಟಾರ್‌ಗೂ ಕಿಕ್ ಡ್ರಮ್‌ಗೂ, ಮೇಲಿನ ಜಾಗ ಸಿಂಬಲ್‌ಗಳಿಗೂ ಸೇರಿರುತ್ತದೆ. ಗಿಟಾರ್‌ಗೆ ಉಳಿಯುವುದು ನಡುವಿನ ಜಾಗ. ಅದನ್ನೂ ನಾವೇ ಸೊನ್ನೆಗೆ ಇಳಿಸಿದರೆ ಎಷ್ಟು ವಾಟ್ ಇದ್ದರೂ ಕೇಳಲಿಕ್ಕೆ ಏನೂ ಉಳಿಯುವುದಿಲ್ಲ. ಗೇನ್ ಹೆಚ್ಚಿದಂತೆ ಮೀಟಿನ ಬಲದ ಏರಿಳಿತ ಚಪ್ಪಟೆಯಾಗಿ, ಪ್ರತಿ ಹೊಡೆತದ ಮುಂತುದಿ ಮೊಂಡಾಗುತ್ತದೆ. ಮನೆಯಲ್ಲಿ ಬಳಸುವ ಗೇನ್‌ಗಿಂತ ಮೂರರಲ್ಲೊಂದು ಪಾಲು ಕಡಿಮೆ ಇಟ್ಟುಕೊಂಡು ವೇದಿಕೆ ಹತ್ತಿದರೆ ಒಳಿತು. ಹೊಸದನ್ನು ಕೊಳ್ಳುವ ಮುಂಚೆ ನಿಮ್ಮ ಈಗಿನ ಆಂಪ್ಲಿಫೈಯರ್‌ನಲ್ಲೇ ಇದನ್ನು ಒಮ್ಮೆ ಮಾಡಿ ನೋಡಿ, ತೊಂದರೆಯ ಎಷ್ಟು ಪಾಲು ನಾಬ್‌ನಲ್ಲಿತ್ತು ಎಂಬುದು ತಿಳಿಯುತ್ತದೆ.

ನೀವು ಇಬ್ಬರು ಗಿಟಾರ್ ನುಡಿಸುವವರಾದ್ದರಿಂದ ಇನ್ನೊಂದು ಸಂಗತಿಯನ್ನೂ ಯೋಚಿಸಬೇಕು. ಇಬ್ಬರೂ ಒಂದೇ ಮಾದರಿಯ ಆಂಪ್ಲಿಫೈಯರನ್ನು ಒಂದೇ ರೀತಿ ಇಟ್ಟುಕೊಂಡರೆ ಎರಡು ಗಿಟಾರ್‌ಗಳು ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತವೆ. ಫೆಂಡರ್ ವಂಶದ ಆಂಪ್ಲಿಫೈಯರ್‌ಗಳಲ್ಲಿ ನಡುಸ್ವರ ಸಹಜವಾಗಿಯೇ ಸ್ವಲ್ಪ ತಗ್ಗಿ, ಸ್ವಚ್ಛ ಮತ್ತು ಹೊಳೆಯುವ ದನಿ ಇರುತ್ತದೆ. ಮಾರ್ಷಲ್ ವಂಶದವುಗಳಲ್ಲಿ ನಡುಸ್ವರ ಮುಂದೆ ಬಂದು ಗಡಸಾಗಿ ಕೇಳುತ್ತದೆ. ವೋಕ್ಸ್‌ನ ದನಿ ಗಂಟೆ ಹೊಡೆದಂತೆ ಮೇಲ್ಸ್ವರದಲ್ಲಿ ಟಣಟಣಿಸುತ್ತದೆ. ನಿಮ್ಮ ಗೆಳೆಯರ ಬಳಿ ಇರುವುದು ಯಾವ ಬಗೆಯದೋ ನೋಡಿಕೊಂಡು ನೀವು ಬೇರೆ ಬಗೆಯದನ್ನು ಆರಿಸಿಕೊಳ್ಳಿ. ತಾಳದ ಗಿಟಾರ್ ನಿಮ್ಮದಾಗಿದ್ದರೆ ಮಾರ್ಷಲ್ ಡಿಎಸ್‌ಎಲ್40ಸಿಆರ್‌ನಂಥ, 40 ವಾಟ್‌ನಿಂದ 20 ವಾಟ್‌ಗೆ ಇಳಿಸಬಹುದಾದ ಕಾಂಬೊ ಬಹಳ ಅನುಕೂಲ. ಸ್ವಚ್ಛ ಸ್ವರದ ಮೇಲೆ ಪೆಡಲ್ (ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಟ್ಟಿಗೆ) ಹಾಕಿಕೊಂಡು ನುಡಿಸುವವರಾಗಿದ್ದರೆ 40 ವಾಟ್‌ನ ಫೆಂಡರ್ ಹಾಟ್ ರಾಡ್ ಡಿಲಕ್ಸ್ ಅಥವಾ 22 ವಾಟ್‌ನ ಡಿಲಕ್ಸ್ ರಿವರ್ಬ್ ನೋಡಬಹುದು. ಎರಡನೆಯದು ಜೋರು ಡ್ರಮ್ಮರ್ ಎದುರು ಬೇಗ ಒಡೆಯಲು ಶುರುವಾಗುತ್ತದೆ ಎಂಬುದು ನೆನಪಿರಲಿ. ಕೆಲವರಿಗೆ ಅದೇ ಇಷ್ಟ. ಹಣ ಬಿಗಿಯಾಗಿದ್ದರೆ, ಅಥವಾ ಟ್ಯೂಬ್‌ಗಳ ಉಸಾಬರಿ ಬೇಡವೆಂದಿದ್ದರೆ, ಬಾಸ್ ಕಂಪನಿಯ 100 ವಾಟ್‌ನ ಕಟಾನಾ ಯಾವ ಸಂಕೋಚವೂ ಇಲ್ಲದೆ ವೇದಿಕೆ ಹತ್ತಬಲ್ಲದು.

ಸೋಲೊ ನುಡಿಸುವಾಗ ಗಿಟಾರ್ ಮುಂದೆ ಬರುತ್ತಿಲ್ಲ ಎಂಬ ದೂರನ್ನೂ ನಾನು ಬಹಳ ಕೇಳುತ್ತೇನೆ. ಆಂಪ್ಲಿಫೈಯರ್ ಆಗಲೇ ಒಡೆದ ಸ್ವರದಲ್ಲಿದ್ದಾಗ ಅದರ ಮುಂದೆ ಬೂಸ್ಟ್ ಪೆಡಲ್ ಒತ್ತಿದರೆ ಶಬ್ದ ಹೆಚ್ಚುವುದಿಲ್ಲ, ಒಡಕು ಮಾತ್ರ ಹೆಚ್ಚುತ್ತದೆ. ಆಗಲೇ ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದಂತೆ. ಸ್ವರ ರೂಪಿಸುವ ಪ್ರಿಆಂಪ್ ಮತ್ತು ಸ್ಪೀಕರ್‌ಗೆ ಬಲ ಕೊಡುವ ಪವರ್ ಆಂಪ್ ನಡುವೆ ಬರುವ ಎಫೆಕ್ಟ್ಸ್ ಲೂಪ್‌ನಲ್ಲಿ ಅದೇ ಬೂಸ್ಟನ್ನು ಇಟ್ಟರೆ ಶಬ್ದ ನಿಜವಾಗಿ ಏರುತ್ತದೆ, ಪವರ್ ಆಂಪ್‌ನಲ್ಲಿ ಇನ್ನೂ ಜಾಗ ಉಳಿದಿದ್ದರೆ ಮಾತ್ರ. ಡಿಲೇ ಮತ್ತು ರಿವರ್ಬ್‌ಗಳಿಗೂ ಆ ಲೂಪೇ ಸರಿಯಾದ ಸ್ಥಾನ, ಏಕೆಂದರೆ ಪ್ರತಿಧ್ವನಿ ಒಡಕಿನ ನಂತರ ಬಂದರೆ ತಿಳಿಯಾಗಿ ಕೇಳುತ್ತದೆ. ಆದ್ದರಿಂದ ನೀವು ಕೊಳ್ಳುವ ಆಂಪ್ಲಿಫೈಯರ್ ಹಿಂದೆ ಸೆಂಡ್ ಮತ್ತು ರಿಟರ್ನ್ ಎಂಬ ಎರಡು ತೂತುಗಳಿವೆಯೇ ಎಂದು ನೋಡಿ. ಚಾನೆಲ್ ಬದಲಿಸುವ ಫುಟ್‌ಸ್ವಿಚ್ ಮತ್ತು ಸ್ಪೀಕರ್‌ನ ದನಿಯನ್ನು ಅನುಕರಿಸಿ ಮಿಕ್ಸರ್‌ಗೆ ಕಳಿಸುವ ಲೈನ್ ಔಟ್ ಇದ್ದರೆ ಇನ್ನೂ ಒಳ್ಳೆಯದು. ಮೈಕ್ ಕಡಿಮೆ ಬಿದ್ದ ದಿನ ಆ ಲೈನ್ ಔಟ್ ಕೈಹಿಡಿಯುತ್ತದೆ.

ಆಂಪ್ಲಿಫೈಯರನ್ನು ಎಲ್ಲಿ ಇಡುತ್ತೀರಿ ಎಂಬುದೂ ಆಯ್ಕೆಯಷ್ಟೇ ಮುಖ್ಯ. ಹನ್ನೆರಡಂಗುಲದ ಸ್ಪೀಕರ್ ಮೇಲ್ಸ್ವರಗಳನ್ನು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಎಸೆಯುತ್ತದೆ. ನೆಲದ ಮೇಲಿಟ್ಟರೆ ಆ ಬೆಳಕು ನಿಮ್ಮ ಮೊಣಕಾಲಿನ ಪಕ್ಕದಿಂದ ಹಾದು ಮೊದಲ ಸಾಲಿನಲ್ಲಿ ಕೂತವರ ಕಿವಿಗೆ ನೇರ ಹೊಡೆಯುತ್ತದೆ. ನಿಮಗೆ ಮಂಕಾಗಿ ಕೇಳುವುದರಿಂದ ನೀವು ಇನ್ನೂ ಟ್ರೆಬಲ್ ಏರಿಸುತ್ತೀರಿ, ಅವರು ಇನ್ನೂ ಕಷ್ಟಪಡುತ್ತಾರೆ. ಒಂದು ಗಟ್ಟಿ ಕುರ್ಚಿಯ ಮೇಲೋ ಓರೆ ಸ್ಟ್ಯಾಂಡ್ ಮೇಲೋ ಇಟ್ಟು ಸ್ಪೀಕರನ್ನು ನಿಮ್ಮ ತಲೆಯ ಕಡೆ ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಹಿಂಬದಿ ತೆರೆದಿರುವ ಕಾಂಬೊ ಶಬ್ದವನ್ನು ಹಿಂದಕ್ಕೂ ಹರಡುವುದರಿಂದ ಡ್ರಮ್ಮರ್‌ಗೆ ಮಾನಿಟರ್ (ನುಡಿಸುವವರತ್ತ ತಿರುಗಿಸಿಟ್ಟ ಸ್ಪೀಕರ್) ಇಲ್ಲದೆಯೂ ನೀವು ಕೇಳುತ್ತೀರಿ, ಮಾನಿಟರ್ ಒಂದೇ ಇರುವ ಪಬ್‌ಗಳಲ್ಲಿ ಇದು ದೊಡ್ಡ ಲಾಭ. ಮೈಕ್ ವಿಷಯದಲ್ಲಿ ಶೂರ್ ಎಸ್‌ಎಂ57 ಒಂದನ್ನು ನಿಮ್ಮದೇ ಚೀಲದಲ್ಲಿ ಇಟ್ಟುಕೊಳ್ಳಿ. ಸ್ಪೀಕರ್ ಬಲೆಗೆ ಬಹುತೇಕ ತಾಗುವಂತೆ, ನಡುವಿನ ಗುಮ್ಮಟದ ಅಂಚಿಗೆ ಗುರಿಯಿಟ್ಟು ನಿಲ್ಲಿಸಿದರೆ ಹೆಚ್ಚಿನ ಕಡೆ ಕೆಲಸ ಆಗುತ್ತದೆ. ಒಳಕ್ಕೆ ಸರಿಸಿದರೆ ದನಿ ಚೂಪಾಗುತ್ತದೆ, ಹೊರಕ್ಕೆ ಸರಿಸಿದರೆ ಮೃದುವಾಗುತ್ತದೆ.

ತೂಕವನ್ನು ಯುವಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್ ಒಂದೇ 35 ಕಿಲೋ ಮೇಲಿರುತ್ತದೆ, ಹೆಡ್ಡು ಬೇರೆ. ಮೈಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಅಲ್ಲಿಂದ ಆಟೊ ಹಿಡಿದು, ಲಿಫ್ಟ್ ಇಲ್ಲದ ಪಬ್‌ನ ಮೂರನೆಯ ಮಹಡಿಗೆ ಅದನ್ನು ಹೊತ್ತೊಯ್ದು ಅದೇ ಕೈಯಲ್ಲಿ ಗಿಟಾರ್ ಹಿಡಿಯಬೇಕು. 40 ವಾಟ್‌ನ ಟ್ಯೂಬ್ ಕಾಂಬೊ 20 ಕಿಲೋ ಆಸುಪಾಸು, ಟ್ರಾನ್ಸಿಸ್ಟರ್ ಕಾಂಬೊ 15 ಕಿಲೋ ಆಸುಪಾಸು ಬರುತ್ತದೆ. ದೊಡ್ಡ ಉತ್ಸವಗಳಲ್ಲಿ ಹೇಗೂ ಸಂಘಟಕರೇ ಬಾಡಿಗೆ ಆಂಪ್ಲಿಫೈಯರ್‌ಗಳನ್ನು ಇಟ್ಟಿರುತ್ತಾರೆ. ಹೆಚ್ಚಿನ ಸಲ ಅಲ್ಲಿ ಜೆಸಿ-120 ಅಥವಾ ಮಾರ್ಷಲ್ ಹೆಡ್ಡು ಇರುತ್ತದೆ. ಹಾಗಾಗಿ ಯಾವ ಅಪರಿಚಿತ ಆಂಪ್ಲಿಫೈಯರ್‌ಗೆ ಚುಚ್ಚಿದರೂ ನಿಮ್ಮ ದನಿ ಸುಮಾರಾಗಿ ನಿಮ್ಮದೇ ಆಗಿ ಬರುವಂಥ ಒಂದು ಒಳ್ಳೆಯ ಡಿಸ್ಟಾರ್ಷನ್ ಪೆಡಲ್ ಮೇಲೆ ಹಣ ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ.

ಹೆಲಿಕ್ಸ್, ಕ್ವಾಡ್ ಕಾರ್ಟೆಕ್ಸ್‌ನಂಥ, ಆಂಪ್ಲಿಫೈಯರ್‌ಗಳ ದನಿಯನ್ನು ಅನುಕರಿಸುವ ಡಿಜಿಟಲ್ ಮಾಡೆಲರ್‌ಗಳನ್ನು ನೇರ ಮಿಕ್ಸರ್‌ಗೆ ಚುಚ್ಚಿ ನುಡಿಸುವ ದಾರಿಯೂ ಇದೆ. ಅವುಗಳ ದನಿಯ ಬಗ್ಗೆ ನನಗೆ ಈಗ ಯಾವ ತಕರಾರೂ ಇಲ್ಲ. ಆದರೆ ಆ ದಾರಿಯಲ್ಲಿ ನಿಮ್ಮ ಕಿವಿಗೆ ಬರುವುದೆಲ್ಲ ಮಾನಿಟರ್ ಮೂಲಕವೇ. ಇಯರ್ ಮಾನಿಟರ್‌ಗಳನ್ನು ನೀವೇ ಕೊಂಡೊಯ್ಯುವವರೆಗೆ, ಸಣ್ಣ ಊರಿನ ವೇದಿಕೆಯ ಮಾನಿಟರ್ ನಂಬಿ ಹೋಗುವುದು ಬೇಡ.

ಈಗ ನಿಮ್ಮ ಅಣ್ಣನ ವಿಷಯಕ್ಕೆ ಬರುತ್ತೇನೆ. ಇಲ್ಲಿ ದಯವಿಟ್ಟು ಜಾಗ್ರತೆ ವಹಿಸಿ. ಅಮೆರಿಕದಲ್ಲಿ ಮಾರುವ ಆಂಪ್ಲಿಫೈಯರ್ 120 ವೋಲ್ಟ್‌ಗೆ ತಯಾರಾದದ್ದು, ನಮ್ಮ ಗೋಡೆಯಲ್ಲಿ ಬರುವುದು 230 ವೋಲ್ಟ್. ಪ್ಲಗ್ ಬದಲಿಸಿ ನೇರ ಚುಚ್ಚಿದರೆ ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್. ಕೆಲವು ಮಾದರಿಗಳ ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಸೌಲಭ್ಯ ಇರುತ್ತದೆ. ಅದು ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದು ಸಿಗುತ್ತದೆ, ಆದರೆ 40 ವಾಟ್‌ನ ಟ್ಯೂಬ್ ಆಂಪ್ಲಿಫೈಯರ್ ಗೋಡೆಯಿಂದ ಎಳೆಯುವುದು 40 ವಾಟ್‌ಗಿಂತ ಬಹಳ ಹೆಚ್ಚಾದ್ದರಿಂದ 500 ವಿಎಗೆ ಕಡಿಮೆಯದನ್ನು ಕೊಳ್ಳಬೇಡಿ, ಮತ್ತು ಅರ್ಥಿಂಗ್ ಎಳೆ ಅದರ ಮೂಲಕ ಹಾದುಬರುತ್ತದೆಯೇ ಎಂದು ಪರೀಕ್ಷಿಸಿ. ಅಲ್ಲಿಯ ವಿದ್ಯುತ್ 60 ಹರ್ಟ್ಸ್, ನಮ್ಮದು 50. 60ಕ್ಕೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುವ ಸಂಭವವೂ ಇದೆ. ಇಷ್ಟೆಲ್ಲ ಸೇರಿಸಿ ಲೆಕ್ಕ ಹಾಕಿದರೆ, ವಾರಂಟಿ ಸಹಿತ ಇಲ್ಲೇ 230 ವೋಲ್ಟ್‌ನದನ್ನು ಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಅಣ್ಣ ಪೆಡಲ್‌ಗಳನ್ನು ತರಲಿ.

ಅರ್ಥಿಂಗ್ ಬಗ್ಗೆ ನಾನು ಯಾರೊಡನೆಯೂ ರಾಜಿ ಮಾಡಿಕೊಳ್ಳುವುದಿಲ್ಲ. ಸ್ಕಾಟ್ಲೆಂಡಿನ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯ ವೇದಿಕೆಯ ಮೇಲೆ, ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ನಮ್ಮ ಕಾಲೇಜು ಮೈದಾನಗಳಲ್ಲಿ ಗಿಟಾರ್ ಆಂಪ್ಲಿಫೈಯರ್‌ಗೆ ಒಂದು ಕಡೆಯಿಂದ, ಮಿಕ್ಸರ್‌ಗೆ ಜನರೇಟರ್‌ನಿಂದ ವಿದ್ಯುತ್ ಎಳೆಯುವುದನ್ನು ನಾನು ಕಂಡಿದ್ದೇನೆ. ತಂತಿ ಹಿಡಿದ ಕೈ ಒಂದು ಕಡೆಯದು, ಮೈಕ್‌ಗೆ ತಾಗುವ ತುಟಿ ಇನ್ನೊಂದು ಕಡೆಯದು. ಸೌಂಡ್‌ಚೆಕ್ ಶುರುವಾಗುವ ಮುಂಚೆ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಗಿಟಾರ್ ತಂತಿಗೂ ಇನ್ನೊಂದನ್ನು ಮೈಕ್‌ನ ಬಲೆಗೂ ಹಿಡಿದು ಎ.ಸಿ. ವೋಲ್ಟ್ ನೋಡಿ. ಕೆಲವು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ, ಅಥವಾ ತುಟಿಗೆ ಚುರುಕ್ ಎಂದರೆ, ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ನುಡಿಸಬೇಡಿ. ಹಮ್ ಎಂಬ ಗುಂಜನ ನಿಲ್ಲಿಸಲೆಂದು ಪ್ಲಗ್‌ನ ಮೂರನೆಯ ದಪ್ಪ ಪಿನ್ ಕೀಳುವ ಕೆಲಸವನ್ನು ಯಾರು ಹೇಳಿದರೂ ಮಾಡಬೇಡಿ.

ಟ್ಯೂಬ್ ಆಂಪ್ಲಿಫೈಯರ್ ಕೊಳ್ಳುವುದಾದರೆ ಅದರ ಆರೈಕೆಯೂ ಜೊತೆಗೆ ಬರುತ್ತದೆ. ಹಿಂದಿನವರ ವಾಲ್ವ್ ರೇಡಿಯೊದಂತೆ ಅದಕ್ಕೆ ಬಿಸಿಯಾಗಲು ಒಂದೆರಡು ನಿಮಿಷ ಬಿಡಬೇಕು. ಸ್ಪೀಕರ್ ಜೋಡಿಸದೆ ಅದನ್ನು ಎಂದಿಗೂ ನುಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹೆಡ್ಡು ಮತ್ತು ಕ್ಯಾಬಿನೆಟ್ ಬೇರೆ ಬೇರೆ ಇದ್ದರೆ ಎರಡರ ಓಮ್ (ವಿದ್ಯುತ್ ತಡೆಯ ಅಂಕಿ) ಹೊಂದಬೇಕು, ನಡುವೆ ಸ್ಪೀಕರ್ ಕೇಬಲ್ಲೇ ಇರಬೇಕು. ನೋಡಲು ಒಂದೇ ರೀತಿ ಇರುವ ಗಿಟಾರ್ ಕೇಬಲ್ ಅಲ್ಲಿ ಸಲ್ಲದು. ಒಳಗಿನ ಕೆಪ್ಯಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರುವುದರಿಂದ ಹೊದಿಕೆ ಬಿಚ್ಚುವ ಕೆಲಸ ತಿಳಿದವರದೇ ಆಗಲಿ. ಒಮ್ಮೆ ನನ್ನ ಮೇಜಿಗೆ ಬಂದ ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್ ಒಂದರಲ್ಲಿ ಫ್ಯೂಸ್ ಬದಲು ಅದೇ ಗಾಜಿನ ಕೊಳವೆಗೆ ತಾಮ್ರದ ಎಳೆ ಸುತ್ತಿದ್ದರು. ಪವರ್ ಟ್ಯೂಬ್ ಶಾರ್ಟ್ ಆದ ದಿನ ಕರಗಬೇಕಿದ್ದ ಎಳೆ ಕರಗದೆ, ಟ್ರಾನ್ಸ್‌ಫಾರ್ಮರ್ ಕಪ್ಪಾಗಿ ಮೇಣ ಸೋರಿತ್ತು. ಕೆಲವೇ ರೂಪಾಯಿಯ ಫ್ಯೂಸ್ ಅದು. ಹಿಂಬದಿಯಲ್ಲಿ ಬರೆದ ಅಳತೆಯ ಫ್ಯೂಸ್‌ಗಳನ್ನೇ ನಾಲ್ಕೈದು ಚೀಲದಲ್ಲಿ ಇಟ್ಟುಕೊಳ್ಳಿ, ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮೊದಲು ಫ್ಯೂಸ್ ಬಿಚ್ಚಿ ನೋಡಿ. ಅದನ್ನು ಕಂಡರೆ ಹಿಂದಿನ ಒಡೆಯರು ಆಂಪ್ಲಿಫೈಯರನ್ನು ಹೇಗೆ ನಡೆಸಿಕೊಂಡರು ಎಂಬುದು ಗೊತ್ತಾಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಪೆಡಲ್ ಒಯ್ಯಿರಿ. ಎಲ್ಲ ನಾಬ್‌ಗಳನ್ನೂ ಮಧ್ಯಕ್ಕೆ ತಂದು ಅಲ್ಲಿಂದ ಶುರುಮಾಡಿ, ಮೂರು ಮೀಟರ್ ದೂರ ನಿಂತು ಕೇಳಿ. ಗಿಟಾರ್‌ನ ವಾಲ್ಯೂಮ್ ನಾಬನ್ನು ಅರ್ಧಕ್ಕೆ ಇಳಿಸಿದಾಗ ಒಡಕು ತಿಳಿಯಾಗುತ್ತದೆಯೇ, ಇಲ್ಲವೇ ದನಿಯೇ ಸತ್ತುಹೋಗುತ್ತದೆಯೇ ಗಮನಿಸಿ. ಸಾಧ್ಯವಾದರೆ ಒಂದು ದಿನದ ಬಾಡಿಗೆಗೆ ಅದೇ ಮಾದರಿಯನ್ನು ಪಡೆದು ನಿಮ್ಮ ಡ್ರಮ್ಮರ್ ಜೊತೆ ಅಭ್ಯಾಸದ ಕೋಣೆಯಲ್ಲಿ ಎರಡು ಗಂಟೆ ನುಡಿಸಿ. ವಾಲ್ಯೂಮ್ ಅರ್ಧದ ಆಸುಪಾಸಿನಲ್ಲಿರುವಾಗ ಸ್ವಚ್ಛ ಸ್ವರವೂ ಸ್ನೇರ್ ಡ್ರಮ್‌ನ ಸದ್ದನ್ನು ಮೀರಿ ಕೇಳುತ್ತಿದ್ದರೆ ಆ ಆಂಪ್ಲಿಫೈಯರ್ ನಿಮಗೆ ಹೊಂದುತ್ತದೆ. ಆ ಎರಡು ಗಂಟೆ ಕಿವಿಗೆ ಪ್ಲಗ್ ಹಾಕಿಕೊಳ್ಳಿ: 100 ಡೆಸಿಬೆಲ್‌ನಲ್ಲಿ ರಕ್ಷಣೆಯಿಲ್ಲದ ಕಿವಿಗೆ ದಿನಕ್ಕೆ 15 ನಿಮಿಷವೇ ಸುರಕ್ಷಿತ ಮಿತಿ ಎಂಬುದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಲೆಕ್ಕ. 100 ವಾಟ್ ಕೇಳಿ ಪಡೆದ ಟೌನ್‌ಶೆಂಡ್ ಅವರೇ ಮುಂದೆ ತಮ್ಮ ಕಿವಿ ಹಾಳಾದದ್ದನ್ನೂ ನಿಲ್ಲದ ಮೊರೆತವನ್ನೂ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಹಳೆಯ 15 ವಾಟ್‌ನದನ್ನು ಮಾರಬೇಡಿ. ಮಾರಿದರೆ ಬರುವ ಹಣ ಹೆಚ್ಚೇನಿಲ್ಲ, ಮನೆಯ ಅಭ್ಯಾಸಕ್ಕೆ ಅದಕ್ಕಿಂತ ಸೂಕ್ತವಾದದ್ದೂ ಇಲ್ಲ. ಕಾರ್ಯಕ್ರಮದ ದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ಬೆರಳು ಬಿಸಿಮಾಡಿಕೊಳ್ಳಲಿಕ್ಕೂ, ಶ್ರುತಿ ನೋಡಿಕೊಳ್ಳಲಿಕ್ಕೂ, ಇನ್ನೊಬ್ಬ ಗಿಟಾರ್ ವಾದಕರ ಜೊತೆ ಸೋಲೊದ ತಿರುವನ್ನು ಕೊನೆಯ ಸಲ ಒಪ್ಪಿಸಿಕೊಳ್ಳಲಿಕ್ಕೂ ಅದು ಬೇಕಾಗುತ್ತದೆ.